ಮೋರಿಯ ಮೇಲೊಂದು ಮೂರ್ತಿ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಲು ಕುಳಿತಾಗಲೂ ನನ್ನ ಸಿಟ್ಟು ಇಳಿದಿಲ್ಲ. ಒಂದು ಮಳೆಗಾಲ ಕಳೆಯಲಿ, ತಣ್ಣಗಾದ ಮೇಲೆ ಬರೆದರಾಯಿತು ಎಂದು ಕಾದೆ. ಮಳೆಗಾಲ ಕಳೆಯಿತು, ನಾನು ತಣ್ಣಗಾಗಲಿಲ್ಲ.

ಹಳೆಯ ಮನೆಗಳನ್ನು ದುರಸ್ತಿ ಮಾಡಿಸುವುದು ನನ್ನ ಕೆಲಸ. ಗೋಕಾಕದಲ್ಲಿದ್ದುಕೊಂಡು ಸುತ್ತಲಿನ ಊರುಗಳ ಮಣ್ಣಿನ ಮಾಳಿಗೆ, ಸುಣ್ಣದ ಗೋಡೆ, ಹುಳ ತಿಂದ ತೊಲೆಗಳ ಹಿಂದೆ ಓಡಾಡುತ್ತೇನೆ. ಬೇಸಿಗೆಯ ಶುರುವಿನಲ್ಲಿ ಮೂಡಲಗಿ ಕಡೆಯ ಒಂದು ಊರಿನಿಂದ ಫೋನ್ ಬಂತು. ಮಾತಾಡಿದವರು ಅಲ್ಲಿನ ಉತ್ಸವ ಸಮಿತಿಯ ಅಧ್ಯಕ್ಷರು.

"ಮೇಡಂ, ನಮ್ಮ ಗೌಂಡಿ ಅಜ್ಜಾರ ಉತ್ಸವ ಮಾಡಾಕತ್ತೇವ್ರಿ. ಅವರು ಕಟ್ಟಿದ ವಾಡೇದಾಗನ ಮಾಡೂದು. ಒಂದ್ ಗ್ವಾಡಿ ಸ್ವಲ್ಪ ಬಾಯಿ ಬಿಟ್ಟೈತಿ. ಬಂದು ಚಂದ ಮಾಡಿ ಕೊಡ್ರಿ."

ಫೋನ್ ಇಟ್ಟವಳೇ ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಕರದಂಟು ತೆಗೆದು ಬಾಯಿಗೆ ಹಾಕಿಕೊಂಡೆ. ಅಷ್ಟು ಖುಷಿಯಾಗಿತ್ತು. ಮನೆ ಕಟ್ಟಿಸಿದ ದೇಸಾಯರ ಉತ್ಸವ ಮಾಡುವವರನ್ನು ನೋಡಿದ್ದೆ. ಮನೆ ಕಟ್ಟಿದವನ ಉತ್ಸವ ಮಾಡುವವರನ್ನು ನೋಡಿರಲಿಲ್ಲ.

ಗೌಂಡಿ ಅಜ್ಜ ಎಂದರೆ ನಮ್ಮ ಸೀಮೆಯ ದೇಸಾಯಿ ಮನೆತನಗಳಿಗೆ ವಾಡೆ, ಅಂದರೆ ಚೌಕದ ದೊಡ್ಡ ಮನೆ, ಕಟ್ಟಿಕೊಟ್ಟ ಹಳೆಯ ಕಾಲದ ಗೌಂಡಿ, ಗಾರೆ ಕೆಲಸದ ಮೇಸ್ತ್ರಿ. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಮುಖವಂತೂ ಯಾರೂ ಕಂಡಿಲ್ಲ. ಅವನು ಕಟ್ಟಿದ್ದು ಎಂದು ಜನ ಬೆರಳು ಮಾಡಿ ತೋರಿಸುತ್ತಿದ್ದ ವಾಡೆಗಳು ಮೂರು. ಗೋಕಾಕದ್ದು ನನ್ನ ಕಣ್ಣೆದುರೇ ಹೋಯಿತು. ಯಾರೋ ಎಂಜಿನಿಯರ್ 'ಅಪಾಯಕಾರಿ ಕಟ್ಟಡ' ಎಂದು ಒಂದು ಸಾಲು ಬರೆದರು, ಜೆಸಿಬಿ ಬಂತು, ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಹುಕ್ಕೇರಿ ಕಡೆಯದು ಮಂಗಲ ಕಾರ್ಯಾಲಯವಾಗಿದೆ. ಮನೆಯಾಗಿ ಉಳಿದಿದ್ದು ಮೂಡಲಗಿ ಕಡೆಯ ಇದೊಂದೇ.

ನಾನು ಹೋದ ದಿನ ಅಧ್ಯಕ್ಷರು ಆಮಂತ್ರಣ ಪತ್ರಿಕೆಯನ್ನು ಕೈಗೆ ಕೊಟ್ಟರು. ಯುರೋಪಿನ ಹಳ್ಳಿಗಾಡಿನಲ್ಲಿ ಬರೋಕ್ ಶೈಲಿಯ ಅರಮನೆಗಳನ್ನು ಕಟ್ಟಿದ ಮಹಾಶಿಲ್ಪಿಗಳ ಸಾಲಿಗೆ ನಮ್ಮ ಗೌಂಡಿ ಅಜ್ಜನೂ ಸೇರುತ್ತಾನೆ ಎಂದು ಅದರಲ್ಲಿ ಅಚ್ಚಾಗಿತ್ತು. ಭಾಷಣಕ್ಕೆ ಬರಲಿದ್ದ ಪ್ರಾಧ್ಯಾಪಕರು ಬರೆದುಕೊಟ್ಟ ಸಾಲಂತೆ. ಬರೋಕ್ ಎಂದರೆ ಬಳುಕುವ ಕಂಬ, ಚಿನ್ನದ ನೀರು ಕುಡಿದ ಚಾವಣಿ, ಮೂಲೆಗೊಂದು ರೆಕ್ಕೆಯ ಮಗು. ಗೌಂಡಿ ಅಜ್ಜನ ವಾಡೆಯಲ್ಲಿ ದೀಪ ಹಿಡಿದು ಹುಡುಕಿದರೂ ಒಂದು ಬಳ್ಳಿಯ ಕೆತ್ತನೆ ಸಿಗುವುದಿಲ್ಲ. ಅವನ ಅಲಂಕಾರವೆಲ್ಲ ಇಳಿಜಾರಿನಲ್ಲಿತ್ತು.

ಅದನ್ನು ನನಗೆ ತೋರಿಸಿದವರು ವಾಡೆಯ ಯಜಮಾನಿ. ನಾನು ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದೆ. ಯಜಮಾನರಿಗೆ ಹಿಡಕಲ್ ಡ್ಯಾಮಿನಲ್ಲಿ ನೌಕರಿ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅಕ್ಕಾರು ಪಡುವಣ ಪಡಸಾಲೆಯಲ್ಲಿ ಹೊಲಿಗೆ ಮಷಿನ್ನುಗಳನ್ನು ಸಾಲಾಗಿ ಇಟ್ಟುಕೊಂಡು ಊರಿನ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾರೆ, ಅವರ ಜೊತೆ ಕೂತು ಶಾಲೆಯ ಯೂನಿಫಾರ್ಮ್ ಹೊಲಿದು ಕೊಡುತ್ತಾರೆ. ಬಾಯಿ ಬಿಟ್ಟಿದ್ದು ಅದೇ ಪಡಸಾಲೆಯ ಹಿಂಗೋಡೆ.

ವಾಡೆಯ ನಡುವೆ ತೆರೆದ ಚೌಕ. ಸುತ್ತಲಿನ ನಾಲ್ಕು ಮಣ್ಣಿನ ಮಾಳಿಗೆಗಳ ಮಳೆನೀರೂ ಅಂಚಿನಿಂದ ಚಾಚಿದ ಕಲ್ಲಿನ ದೋಣಿಗಳಿಂದ ಆ ಚೌಕಕ್ಕೇ ಬೀಳುತ್ತದೆ. ನೋಡಲಿಕ್ಕೆ ನೆಲ ಸಪಾಟು. ಆದರೆ ಅಕ್ಕಾರು ಒಂದು ಚೊಂಬು ನೀರನ್ನು ಮೂಲೆಯಲ್ಲಿ ಚೆಲ್ಲಿದರು ನೋಡಿ, ಅದು ದಾರಿ ಗೊತ್ತಿರುವ ದನದ ಹಾಗೆ ಸೀದಾ ನಡುವಿಗೆ ನಡೆಯಿತು. ನಡುವೆ ಅಂಗೈಯಗಲದ ತೂತುಗಲ್ಲು. ಅದರ ಕೆಳಗಿನ ಕಲ್ಲಿನ ಮೋರಿ ಪಡಸಾಲೆಯ ನೆಲದಡಿ ಹಾದು ಹಿಂದಿನ ಓಣಿಗೆ ಬಾಯಿ ತೆರೆಯುತ್ತದೆ.

ಮೂಡಲಗಿ ಕಡೆಯ ಭೂಮಿ ಎರೆಭೂಮಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ನೆಲದ ಮೇಲೆ ಕಲ್ಲು ಮಣ್ಣಿನ ಗೋಡೆ ನಿಲ್ಲಬೇಕೆಂದರೆ ಬುಡಕ್ಕೆ ನೀರು ಇಳಿಯಬಾರದು. ಗೌಂಡಿ ಅಜ್ಜನಿಗೆ ಅದು ಗೊತ್ತಿತ್ತು. ಇಡೀ ವಾಡೆಯನ್ನು ಅವನು ನೀರನ್ನು ಹೊರಗೆ ಕಳಿಸುವುದಕ್ಕಾಗಿಯೇ ಕಟ್ಟಿದ್ದಾನೆ ಎಂದರೂ ತಪ್ಪಿಲ್ಲ.

"ಈ ಮನ್ಯಾಗ ಯಾವ ಒಳ್ಳೇ ಕಾರ್ಯಾ ಮಾಡೂದಿದ್ರೂ ಮದಲ ನೀರ ಕೇಳತೇವ್ರಿ," ಎಂದರು ಅಕ್ಕಾರು.

"ನೀರು ಕೇಳೋದು ಅಂದ್ರ?"

"ಒಬ್ರು ಇಲ್ಲಿ ಕೊಡ ಸುರವೂದು, ಒಬ್ರು ಹಿಂದ ಓಣ್ಯಾಗ ನಿಂದ್ರೂದು. 'ಬಂತೇನು' ಅಂತ ಇಲ್ಲಿಂದ ಕೇಳಬೇಕು, 'ಬಂತು' ಅಂತ ಅಲ್ಲಿಂದ ಹೇಳಬೇಕು. ಹೇಳಿದ ಮ್ಯಾಲನ ಹಂದರ ಹಾಕೂದು, ಮಾಳಗಿಗೆ ಮಣ್ಣ ಹೊರೂದು. ಗೌಂಡಿ ಅಜ್ಜಾರ ಹಾಕಿಕೊಟ್ಟ ಪದ್ಧತಿ ಅಂತಿದ್ರು ನಮ್ಮ ಅತ್ತಿ."

ಅಧ್ಯಕ್ಷರೂ ಅಲ್ಲೇ ಇದ್ದರು. ಅವರದು ಬಾಜೂ ಮನೆ, ಅಕ್ಕಾರು ಅವರನ್ನು ಕಾಕಾರು ಎಂದೇ ಕರೆಯುತ್ತಿದ್ದರು. "ಖರೆ ಐತ್ರಿ. ಸಣ್ಣಾಂವಿದ್ದಾಗ ಓಣ್ಯಾಗ ನಿಂತು ನಾನs ಎಷ್ಟ ಸಲ ಹೇಳೇನಿ 'ಬಂತು' ಅಂತ. ಮದವಿ ಇದ್ದಾಗ ಹೇಳಿದ್ರ ಒಂದ್ ಉಂಡಿ ಕೊಡತಿದ್ರು," ಎಂದು ನಕ್ಕರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಗೊತ್ತಿಲ್ಲದವರು ಮಾಡಿದ ಕೆಲಸವಲ್ಲ ಅದು.

ನನ್ನ ಕೆಲಸಗಳಿಗೆ ಯಾವಾಗಲೂ ಬರುವ ಗೌಂಡಿಯನ್ನು ಕರೆತಂದು ಗೋಡೆಯ ಕೆಲಸ ಶುರು ಮಾಡಿದೆ. ಆ ಪಡಸಾಲೆಯ ಮಾಳಿಗೆಯ ಒಂದು ದೋಣಿ ಮುರಿದು, ನೀರು ಹಿಂದಕ್ಕೆ ಹರಿದು ವರ್ಷಗಟ್ಟಲೆ ಹಿಂಗೋಡೆಯ ಮೈಮೇಲೇ ಇಳಿದಿತ್ತು. ಮೊದಲು ದೋಣಿ ಸರಿಮಾಡಿಸಿದೆ. ಸುಣ್ಣದ ಹರಳನ್ನು ತೊಟ್ಟಿಯಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಕೊಳೆಯಲು ಬಿಟ್ಟೆವು. ಮರಳು, ಇಟ್ಟಿಗೆ ಪುಡಿ ಬೆರೆಸಿ ಅರೆದೆವು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಹದ ಮಾಡಿದೆವು. ಬೆಲ್ಲಕ್ಕೇನು, ಕಬ್ಬಿನ ಸೀಮೆ, ಆಲೆಮನೆಯಿಂದಲೇ ಬಂತು. ಸುಣ್ಣದ ಗಿಲಾವನ್ನು ಒಂದೇ ಸಲ ದಪ್ಪಗೆ ಬಳಿಯುವಂತಿಲ್ಲ. ತೆಳುವಾಗಿ ಒಂದು ಪದರ, ಮೇಲೆ ಒದ್ದೆ ಗೋಣಿತಟ್ಟು, ಅದು ಬಿಗಿದ ಮೇಲೆ ಇನ್ನೊಂದು. ಸುಣ್ಣ ನಮ್ಮ ತಾರೀಖು ಕೇಳುವುದಿಲ್ಲ.

ಅಧ್ಯಕ್ಷರಿಗೆ ತಾರೀಖಿನದೇ ಚಿಂತೆ. ದಿನಾ ಬಂದು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. "ಸಿಮೆಂಟ್ ಹಾಕಿದ್ರ ಎರಡ ದಿನದಾಗ ಮುಗೀತಿತ್ತಲ್ರಿ?" ಎನ್ನುತ್ತಿದ್ದರು. ಸಿಮೆಂಟು ಹಾಕಿದರೆ ಒಳಗಿನ ತೇವ ಹೊರಗೆ ಬರುವುದಿಲ್ಲ, ಗೋಡೆ ಒಳಗೊಳಗೇ ಕೊಳೆಯುತ್ತದೆ ಎಂದು ದಿನಾ ಹೇಳುತ್ತಿದ್ದೆ. ಅವರು ದಿನಾ ಹೂಂ ಅನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಎಂದು ಆಗ ನನಗೆ ಹೊಳೆಯಲಿಲ್ಲ, ಏಕೆಂದರೆ ಮನುಷ್ಯ ಕೆಟ್ಟವರಲ್ಲ. ಕೆಲಸದವರಿಗೆಲ್ಲ ಅವರ ಮನೆಯಿಂದಲೇ ರೊಟ್ಟಿ, ಪಲ್ಯ, ಮಜ್ಜಿಗೆ ಬರುತ್ತಿತ್ತು.

ಕೊನೆಯ ಪದರ ಬಿಗಿಯಲು ಬಿಟ್ಟು ನಾನು ಹುಕ್ಕೇರಿ ಕಡೆಗೆ ಹೋದೆ. ಉತ್ಸವದಲ್ಲಿ ಗೌಂಡಿ ಅಜ್ಜನ ವಾಡೆಗಳ ನಕ್ಷೆ ತೂಗುಹಾಕಬೇಕೆಂಬುದು ನನ್ನದೇ ಆಸೆ. ಅದಕ್ಕಾಗಿ ಅಲ್ಲಿನ ವಾಡೆಯ ಅಳತೆ ಬೇಕಿತ್ತು.

ಮಂಗಲ ಕಾರ್ಯಾಲಯದ ಮ್ಯಾನೇಜರು ಬಾಗಿಲು ತೆಗೆಸಿದರು. ಹಳದಿ ಆಯಿಲ್ ಪೇಂಟು, ಚೌಕದ ತುಂಬ ಹೊಳೆಯುವ ಟೈಲ್ಸು. ಗೋಡೆಯ ಬುಡದಲ್ಲಿ ತೇವ ಕಾಣುತ್ತದೆ ಎಂದು ಸೊಂಟದೆತ್ತರಕ್ಕೆ ಟೈಲ್ಸ್ ಅಂಟಿಸಿದ್ದರು. ತೇವ ಟೈಲ್ಸಿನ ಹಿಂದೆಯೇ ಏರಿ ಅದರ ತಲೆಯ ಮೇಲೆ ಬಂದು ಕೂತಿತ್ತು. ಅಲ್ಲಿಂದ ಮೇಲಕ್ಕೆ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಬೆರಳಿಟ್ಟರೆ ಗೋಡೆಯ ಮಣ್ಣು ಉಗುರಿಗೆ ಬರುತ್ತಿತ್ತು.

"ಮಳಿ ನೀರು ಎಲ್ಲಿ ಹೋಗತೈತ್ರಿ?" ಎಂದು ಕೇಳಿದೆ.

"ಎಲ್ಲೋ ಹೋಗತೈತ್ರಿ."

"ನಡುವ ಒಂದು ತೂತುಗಲ್ಲ ಇರಬೇಕಲ್ಲ?"

"ಇತ್ತರಿ. ಹೆಣ್ಮಕ್ಕಳ ಕಾಲು ಸಿಗತಾವು ಅಂತ ಮುಚ್ಚೇವಿ. ಈಗ ಅದರ ಮ್ಯಾಲೆ ಊಟದ ಟೇಬಲ್ ಬರತೈತಿ ನೋಡ್ರಿ." ಮ್ಯಾನೇಜರು ಹೆಮ್ಮೆಯಿಂದಲೇ ಹೇಳಿದರು. "ವರ್ಷಾ ಬಣ್ಣ ಹಚ್ಚಿಸತೇವಿ. ಆದ್ರೂ ಗ್ವಾಡಿ ನಿಂದ್ರವಲ್ದು. ಹಳೇದು ಅಲ್ರಿ."

ಹಳೆಯದಂತೆ! ಮೂಗು ಬಾಯಿ ಎರಡೂ ಒತ್ತಿಹಿಡಿದು, ಮನುಷ್ಯನಿಗೆ ವಯಸ್ಸಾಯಿತು ಅದಕ್ಕೇ ಉಸಿರು ಕಟ್ಟಿದೆ ಎಂದ ಹಾಗೆ. ಅಲ್ಲೇ ಒಂದು ವಾರ ಉಳಿದು ಅಳತೆ ಮುಗಿಸಿ, ಸಿಕ್ಕ ಬಸ್ ಹತ್ತಿ ಮೂಡಲಗಿಗೆ ವಾಪಸಾದೆ. ಕನಿಷ್ಠ ಒಂದು ವಾಡೆಯಾದರೂ ಸರಿಯಾಗಿದೆ ಎಂಬ ಸಮಾಧಾನ ಬಸ್ಸಿನಲ್ಲಿ ನನ್ನ ಜೊತೆ ಕೂತಿತ್ತು.

ವಾಡೆಯ ಬಾಗಿಲಲ್ಲೇ ಅಧ್ಯಕ್ಷರು ಕಾಯುತ್ತಿದ್ದರು. "ಕಣ್ಣ ಮುಚ್ಕೊಂಡ್ ಬರ್ರಿ ಮೇಡಂ, ನಿಮಗ ಒಂದ್ ಸರ್‌ಪ್ರೈಜ್ ಐತಿ."

ಕಣ್ಣು ಮುಚ್ಚಲಿಲ್ಲ. ಮುಚ್ಚಿದ್ದರೆ ಎಡವುತ್ತಿದ್ದೆ, ಏಕೆಂದರೆ ಚೌಕದ ನೆಲ ಒಂದು ಗೇಣು ಮೇಲೆ ಬಂದಿತ್ತು. ಗರಸು ಮಣ್ಣು ತುಂಬಿ, ರೋಲರ್ ಹೊಡೆಸಿ, ಕೆಂಪು ಬೂದಿ ಬಣ್ಣದ ಪೇವರ್ ಕಲ್ಲು ಹಾಸಿದ್ದರು. ನಟ್ಟನಡುವೆ ಎದೆಮಟ್ಟದ ಕಾಂಕ್ರೀಟ್ ಕಟ್ಟೆ. ಕಟ್ಟೆಯ ಮೇಲೆ ತಾಮ್ರದ ಬಣ್ಣ ಬಳಿದ ಫೈಬರಿನ ಮೂರ್ತಿ. ದೊಡ್ಡ ರುಮಾಲು, ಹುರಿ ಮೀಸೆ, ಎದೆಯ ಮೇಲೆ ಶಲ್ಯ.

"ಯಾರಿದು?" ಎಂದೆ.

"ಗೌಂಡಿ ಅಜ್ಜಾರು!"

"ಅವರ ಮುಖ ಎಲ್ಲಿ ಸಿಕ್ತು ನಿಮಗ?"

ಅಧ್ಯಕ್ಷರು ಸ್ವಲ್ಪ ನಾಚಿದರು. "ಮುಖ ಬೇಕಂದ್ರು ಮೂರ್ತಿ ಮಾಡಾಂವ್ರು. ಆ ಕಾಲದ ಹಿರ್ಯಾರದು ಅಂತ ನಮ್ಮ ಅಜ್ಜಾರ ಫೋಟೋ ಕೊಟ್ಟೆ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಗಾದೆ. ಇವರು ಒಂದು ತಲೆಮಾರು ಮುಂದೆ ಹೋಗಿ ಸ್ವಂತ ಅಜ್ಜನನ್ನೇ ಮಾಡಿ ನಿಲ್ಲಿಸಿದ್ದರು. ಅದಕ್ಕಾದರೂ ನಗಬಹುದಿತ್ತು. ಆದರೆ ನನ್ನ ಕಣ್ಣು ಕಟ್ಟೆಯ ಬುಡದಲ್ಲಿತ್ತು.

"ತೂತುಗಲ್ಲು?"

"ಬರಾಬರಿ ಅದರ ಮ್ಯಾಲನ ಕುಂತೈತ್ರಿ ಕಟ್ಟಿ. ನಡುವ ಅಂದ್ರ ಅದs ನಡುವ. ಅಜ್ಜಾರೇ ಗುರ್ತಾ ಹಾಕಿ ಇಟ್ಟಾಂಗ ಆಗೇತಿ."

ನನ್ನ ಮೈಯೆಲ್ಲ ಉರಿಯಿತು. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನಿಮ್ಮ ಬಾಯಿಗೆ ಇದೇ ಗರಸು ತುಂಬಿ ಮೇಲೆ ಒಂದು ಮೂರ್ತಿ ಕೂಡಿಸಿದರೆ ಹೇಗಿರುತ್ತದೆ ಎಂದಿದ್ದು ನೆನಪಿದೆ. ಪೇವರ್ ಹಾಸುತ್ತಿದ್ದವರು ಕೈಬಿಟ್ಟು ನಿಂತರು. ಅಧ್ಯಕ್ಷರ ಮುಖ ಸಣ್ಣದಾಯಿತು, ಆಮೇಲೆ ಗಟ್ಟಿಯಾಯಿತು.

"ಊರಾಗ ನನಗ ಯಾರೂ ಹಿಂಗ ಮಾತಾಡಿಲ್ಲ ಮೇಡಂ. ಅಜ್ಜಾರ ಮ್ಯಾಲಿನ ಅಭಿಮಾನಕ್ಕ ಮಾಡೇವಿ. ಉತ್ಸವ ಮುಗೀಲಿ, ಒಂದ್ ಪ್ಲಾಸ್ಟಿಕ್ ಪೈಪ್ ಹಾಕಿ ನೀರು ಹೊರಗ ತಗಸೂಣು. ಅದೇನ್ ದೊಡ್ಡದು?"

ಅಭಿಮಾನ! ಈ ಪದವನ್ನು ಕೇಳಿದರೆ ಈಗಲೂ ನನಗೆ ಹಲ್ಲು ಕಡಿಯುವಂತಾಗುತ್ತದೆ. ದ್ವೇಷದಿಂದ ಕೆಡವಿದವರ ಮೇಲೆ ಕೇಸು ಹಾಕಬಹುದು. ಅಭಿಮಾನದಿಂದ ಕೆಡವಿದವರಿಗೆ ನಾವೇ ಶಾಲು ಹೊದಿಸಬೇಕು. ಇಡೀ ಜೀವನ ನೀರನ್ನು ಹೊರಗೆ ಕಳಿಸುವ ವಿದ್ಯೆಯಲ್ಲಿ ಕಳೆದವನಿಗೆ ಇವರು ಕೊಟ್ಟ ಗೌರವವೆಂದರೆ, ಅವನ ಮೋರಿಯ ಬಾಯಿಗೆ ಅವನ ಹೆಸರಿನದೇ ಬೂಚು.

ಪಡಸಾಲೆಗೆ ಹೋದರೆ ಅಕ್ಕಾರು ಕತ್ತರಿ ಕೆಳಗಿಟ್ಟು ಎದ್ದು ನಿಂತರು. "ನೀವ ಹೇಳೀರಂತ ಹೇಳಿದ್ರಲ್ರಿ ಕಾಕಾರು? 'ಎಂಜಿನಿಯರ್ ಮೇಡಂ ಒಪ್ಯಾರ, ಫೋನಿನಾಗ ಹೇಳ್ಯಾರ' ಅಂದ್ರು."

"ನನಗ ಯಾರೂ ಫೋನ್ ಮಾಡಿಲ್ಲ ಅಕ್ಕಾರ."

ಅಕ್ಕಾರು ಮತ್ತೆ ಕತ್ತರಿ ಎತ್ತಿಕೊಂಡರು. ಅವರು ಹೊಲಿಯುವ ಯೂನಿಫಾರ್ಮಿನ ಕೆಲಸ ಬರುವುದು ಅಧ್ಯಕ್ಷರು ನಡೆಸುವ ಶಾಲೆಯಿಂದ. ಅದು ನಿಂತರೆ ಆ ಪಡಸಾಲೆಯಲ್ಲಿ ಕೂತ ಅಷ್ಟೂ ಹೆಣ್ಣುಮಕ್ಕಳ ಮಷಿನ್ನು ನಿಲ್ಲುತ್ತದೆ.

ಮಾರನೆಯ ಮಧ್ಯಾಹ್ನ ಬೇಸಿಗೆಯ ಅಡ್ಡಮಳೆ ಬಂತು. ಗುಡುಗಿಲ್ಲ ಮಿಂಚಿಲ್ಲ, ಯಾರೋ ಕೊಡಪಾನ ಬೋರಲು ಹಾಕಿದ ಹಾಗೆ. ನಾಲ್ಕೂ ಕಡೆಯ ದೋಣಿಗಳು ಒಟ್ಟಿಗೇ ಸುರಿದವು. ಚೌಕದ ನೀರು ಎಲ್ಲಿ ಹೋಗಬೇಕೆಂದು ತಿಳಿಯದೆ ಮೂರ್ತಿಯ ಸುತ್ತ ಸುತ್ತು ಹೊಡೆಯಿತು, ಏರಿತು, ಕೊನೆಗೆ ಪಡಸಾಲೆಯ ಹೊಸ್ತಿಲು ದಾಟಿತು. ಹೆಣ್ಣುಮಕ್ಕಳು ಹೊಲಿದಿಟ್ಟ ಅಂಗಿಗಳನ್ನು ತಲೆಯ ಮೇಲೆ ಹೊತ್ತುಕೊಂಡರು. ನಾನು, ಅಕ್ಕಾರು, ನಮ್ಮ ಗೌಂಡಿ ಮೂವರೂ ಸೇರಿ ಮಷಿನ್ನುಗಳನ್ನು ಎತ್ತಿ ಮುಂಬಾಗಿಲಿನ ಜಗಲಿಗೆ ಸಾಗಿಸಿದೆವು.

ಮಳೆ ನಿಂತ ಮೇಲೆ ಗೋಡೆಯನ್ನು ನೋಡಿದೆ. ಇನ್ನೂ ಹಸಿಯಿದ್ದ ಸುಣ್ಣದ ಮೇಲೆ ತೇವ ಬುಡದಿಂದ ಹತ್ತುತ್ತಿತ್ತು. ಮೂಲೆಯಲ್ಲಿ ಕೂದಲೆಳೆಯಷ್ಟು ಹೊಸ ಬಿರುಕು. ಬಿರುಕಿಗೆ ಅಡ್ಡಲಾಗಿ ಒಂದು ತೆಳ್ಳನೆಯ ಗಾಜಿನ ಪಟ್ಟಿಯನ್ನು ಅಂಟಿಸಿದೆ. ಗೋಡೆ ಅಲುಗಾಡದಿದ್ದರೆ ಗಾಜು ಹಾಗೇ ಇರುತ್ತದೆ. ಮರುದಿನ ಬೆಳಿಗ್ಗೆ ನಮ್ಮ ಗೌಂಡಿ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಗಾಜು ಎರಡು ತುಂಡಾಗಿತ್ತು. ಕೆಳಗಿನ ಎರೆಮಣ್ಣು ನೀರು ಕುಡಿದು ಗೋಡೆಯನ್ನು ಎತ್ತುತ್ತಿತ್ತು.

"ಈ ಗ್ವಾಡಿ ಕೆಳಗ ಯಾರ್ನೂ ಕುಂದ್ರಸಬ್ಯಾಡ್ರಿ ಬಾಯಾರ," ಎಂದ.

ತಕ್ಷಣ ಗೋಡೆಗೆ ಮರದ ಟೇಕು ಕೊಟ್ಟು, ಪಡಸಾಲೆ ಖಾಲಿ ಮಾಡಿಸಿದೆವು. ಹೊಲಿಗೆ ಕ್ಲಾಸು ದನದ ಕೊಟ್ಟಿಗೆಗೆ ಹೋಯಿತು. ಅಧ್ಯಕ್ಷರಿಗೆ ಒಡೆದ ಗಾಜು ತೋರಿಸಿದೆ. ಅವರು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, "ಗಾಜು ಅಂದ್ರ ಒಡೀತಾವ್ರಿ," ಎಂದರು.

ನನ್ನ ಕೈಯಲ್ಲಿ ಒಂದು ಆಯುಧ ಇತ್ತು. ತಹಶೀಲ್ದಾರ್ ಕಚೇರಿಗೆ ನಾಲ್ಕು ಸಾಲು ಬರೆದರೆ ಸಾಕು, ಉತ್ಸವಕ್ಕೆ ಅಲ್ಲಿ ಒಬ್ಬರೂ ಕಾಲಿಡುತ್ತಿರಲಿಲ್ಲ. ಪೆನ್ನು ಕೂಡ ತೆಗೆದೆ. ಆದರೆ ಗೋಕಾಕದ ವಾಡೆಯನ್ನು ಕೆಡವಿದ್ದೂ ಇಂಥದೇ ಒಂದು ಸಾಲು. ನಾನು 'ಅಪಾಯಕಾರಿ' ಎಂದು ಬರೆದರೆ ಉತ್ಸವವೂ ನಿಲ್ಲುತ್ತದೆ, ಆಮೇಲೆ ವಾಡೆಯೂ ನಿಲ್ಲುವುದಿಲ್ಲ. ಮಳೆಗಾಲದ ಮುಂಚೆ ಜೆಸಿಬಿ ಬರುತ್ತದೆ, ಅಕ್ಕಾರು ಬೀದಿಗೆ ಬೀಳುತ್ತಾರೆ. ಬರೆಯದಿದ್ದರೆ ಮಳೆಗಾಲವೇ ಕೆಡವುತ್ತದೆ.

ಪೆನ್ನು ಮುಚ್ಚಿ ಅಕ್ಕಾರ ಹತ್ತಿರ ಹೋದೆ. ಕೊಟ್ಟಿಗೆಯಲ್ಲಿ ಕೂತು ಒದ್ದೆಯಾದ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದರು.

"ಅಕ್ಕಾರ, ಮೂರ್ತಿ ತಗೀದs ಗ್ವಾಡಿ ಉಳಿಯೂದಿಲ್ಲ. ಮನಿ ನಿಮ್ಮದು. ನೀವು ಒಡೀರಿ ಅಂದ್ರ ನಾ ಒಡಸ್ತೀನಿ. ಬ್ಯಾಡ ಅಂದ್ರ ಸುಮ್ಮನ ಹೋಗತೀನಿ."

ಅವರು ಇಸ್ತ್ರಿ ಮಾಡಿದ ಅಂಗಿಯನ್ನು ಮಡಚಿದರು, ಇನ್ನೊಂದನ್ನು ತೆಗೆದುಕೊಂಡರು, ಅದನ್ನೂ ಮಡಚಿದರು. ಆಮೇಲೆ ಹೇಳಿದರು, "ನಾ ಒಡೀರಿ ಅನ್ನೂದಿಲ್ರಿ. ಕಾಕಾರೇ ಅನ್ನಬೇಕು."

ಅಂದು ಸಂಜೆ ಹೊತ್ತಿಗೆ ಸಮಿತಿಯವರೆಲ್ಲ ಹಂದರದ ಗಳ ಊರಲು ವಾಡೆಗೆ ಬಂದರು. ಅಕ್ಕಾರು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಚೌಕಕ್ಕೆ ಇಳಿದರು. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು.

"ಕಾಕಾರ, ಹಂದರ ಹಾಕೂಕಿಂತಾ ಮದಲ ನೀರ ಕೇಳೂದೈತಿ."

"ಈಗ್ಯಾಕ ಯವ್ವಾ ಅದೆಲ್ಲಾ..."

"ಗೌಂಡಿ ಅಜ್ಜಾರ ಉತ್ಸವ, ಗೌಂಡಿ ಅಜ್ಜಾರ ಪದ್ಧತಿ. ನಮ್ಮ ಮನ್ಯಾಗ ಕೇಳದs ಗಳ ಊರಿಲ್ಲ. ಸಣ್ಣವ್ರಿದ್ದಾಗ ನೀವs ಓಣ್ಯಾಗ ನಿಂದ್ರತಿದ್ರಿ. ಇವತ್ತೂ ನೀವs ನಿಂದರ್ರಿ."

ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಹಿರಿಯರೊಬ್ಬರು, "ಹೋಗೋ, ಪದ್ಧತಿ ಅಲ್ಲೇನು," ಎಂದರು. ಪದ್ಧತಿಗೆ ಬೇಡ ಎನ್ನುವ ಮನುಷ್ಯನಲ್ಲ ಅವರು. ಹಿಂಬಾಗಿಲಿನಿಂದ ಓಣಿಗೆ ಹೋದರು.

ಅಕ್ಕಾರು ಮೂರ್ತಿಯ ಕಟ್ಟೆಯ ಬುಡಕ್ಕೆ ಕೊಡ ಬಗ್ಗಿಸಿದರು. ನೀರು ಕಟ್ಟೆಗೆ ಬಡಿದು, ಕ್ಷಣ ತಡೆದು, ಪೇವರಿನ ಸಂದಿಗುಂಟ ಹಿಂತಿರುಗಿ, ಖಾಲಿಯಾಗಿದ್ದ ಪಡಸಾಲೆಯ ಕಡೆಗೇ ಹರಿಯಿತು.

"ಬಂತೇನ್ರೀ ಕಾಕಾರ?"

ಓಣಿಯಿಂದ ಮಾತಿಲ್ಲ. ಅಕ್ಕಾರು ಎರಡನೆಯ ಕೊಡ ತರಿಸಿ ಸುರಿದರು. ನೀರು ನನ್ನ ಕಾಲುಬೆರಳಿಗೆ ತಾಗಿ, ಟೇಕು ಕೊಟ್ಟ ಗೋಡೆಯ ಬುಡಕ್ಕೆ ಹೋಗಿ ಇಂಗಿತು.

"ಬಂತೇನ್ರೀ?"

"ಇಲ್ಲ ಯವ್ವಾ," ಎಂಬ ದನಿ ಬಂತು. ಗೋಡೆಯ ಆಚೆಯಿಂದ ಬಂದಿದ್ದಕ್ಕೋ ಏನೋ, ಅದು ಅಧ್ಯಕ್ಷರ ದನಿಯ ಹಾಗಿರಲಿಲ್ಲ. "ಬರವಲ್ದು."

ಗಳ ಹಿಡಿದವರು ಗಳ ಕೆಳಗಿಟ್ಟರು. ಅಧ್ಯಕ್ಷರು ಬಂದು ಮೂರ್ತಿಯನ್ನು, ನೀರು ನಿಂತ ಪಡಸಾಲೆಯನ್ನು ನೋಡಿದರು. ನನ್ನನ್ನು ಮಾತ್ರ ನೋಡಲಿಲ್ಲ. "ತಗೀರಿ," ಎಂದರು.

ತೆಗೆಯುವುದು ಅಷ್ಟು ಸುಲಭವಿರಲಿಲ್ಲ. ಬ್ರೇಕರ್ ಮಷಿನ್ ತಂದರೆ ಅದರ ನಡುಕಕ್ಕೆ ಗೋಡೆಯೇ ಕುಸಿದು ಕೂರುತ್ತಿತ್ತು. ಉಳಿ, ಸುತ್ತಿಗೆ ಹಿಡಿದು ಕೈಯಲ್ಲೇ ಕಟ್ಟೆ ಒಡೆದೆವು. ತೂತುಗಲ್ಲು ಹೋಳಾಗಿತ್ತು. ಮೋರಿಯ ಒಳಗೆ ಗರಸಿನ ಜೊತೆ ಕಾಂಕ್ರೀಟಿನ ಹಾಲು ಇಳಿದು ಗಟ್ಟಿಯಾಗಿತ್ತು. ಚೌಕದ ಕಡೆಯಿಂದ ಒಬ್ಬರು, ಓಣಿಯ ಕಡೆಯಿಂದ ಒಬ್ಬರು, ಕಬ್ಬಿಣದ ಸರಳು ಹಾಕಿ ಕುಟ್ಟಿ, ಬಿದಿರಿನ ಸೀಳಿನಿಂದ ಗೀಚಿ, ಚಿಪ್ಪು ಚಿಪ್ಪಾಗಿ ಹೊರಗೆಳೆದೆವು. ಅಷ್ಟರೊಳಗೆ ಪಡಸಾಲೆಯ ಹಿಂಗೋಡೆಯ ಒಂದು ಭಾಗ ಹೊರಕ್ಕೆ ಉಬ್ಬಿ ಹೊಟ್ಟೆ ಬಿಟ್ಟಿತು. ಬೀಳುವ ಮುಂಚೆ ಅದನ್ನು ನಾವೇ ಕಲ್ಲು ಕಲ್ಲಾಗಿ ಇಳಿಸಬೇಕಾಯಿತು. ನಾನೇ ಪದರ ಪದರವಾಗಿ ಬಳಿಸಿದ್ದ ಸುಣ್ಣವನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಸುರಿಯುವಾಗ ನನಗೆ ಅಳು ಬಂತು. ಅತ್ತುಬಿಟ್ಟೆ. ಅಳುತ್ತಲೇ ಬೈದೆ.

ಉತ್ಸವದ ದಿನ ಬಂದೇ ಬಂತು. ನೀರು ಇನ್ನೂ ಬಂದಿರಲಿಲ್ಲ, ಹಾಗಾಗಿ ಅಕ್ಕಾರು ವಾಡೆಯೊಳಗೆ ಹಂದರ ಹಾಕಗೊಡಲಿಲ್ಲ. ಎದುರಿನ ಬಯಲಿನಲ್ಲೇ ವೇದಿಕೆ. ಪ್ರಾಧ್ಯಾಪಕರು ಬರೋಕ್ ಅರಮನೆಗಳ ಮೇಲೆ ಸುದೀರ್ಘವಾಗಿ ಮಾತಾಡುತ್ತಿದ್ದರು. ನಾನು ಹಿಂದಿನ ಓಣಿಯಲ್ಲಿ ಮಂಡಿಯೂರಿ ಕೂತಿದ್ದೆ. ನಮ್ಮ ಗೌಂಡಿ ಸರಳು ಹೊಡೆಯುತ್ತಿದ್ದ. ಹೊಸ ಧೋತರ, ರೇಷ್ಮೆ ಶಲ್ಯದಲ್ಲಿ ಅಧ್ಯಕ್ಷರು ಬಂದು ಪಕ್ಕದಲ್ಲಿ ನಿಂತರು.

"ವೇದಿಕಿ ಮ್ಯಾಲೆ ನಿಮ್ಮನ್ನ ಕರ್ಯಾಕತ್ತಾರ," ಎಂದೆ.

"ಕರೀಲಿ." ಬಗ್ಗಿ ಮೋರಿಯ ಬಾಯಿಯೊಳಗೆ ಇಣುಕಿದರು. "ಕೊಡ ಸುರೀಲೇನು ಅಂತ ಕೇಳಾಕತ್ತಾಳ ನೋಡ್ರಿ ಅಕಿ. ಸುರಿ ಯವ್ವಾ!"

ಒಳಗೆ ಏನೋ ಗುಡುಗುಟ್ಟಿತು. ಮರುಕ್ಷಣ ಮೋರಿಯ ಬಾಯಿಂದ ಗರಸು, ಕೆಸರು, ಕಪ್ಪು ನೀರು ಒಟ್ಟಿಗೇ ನುಗ್ಗಿ ಅಧ್ಯಕ್ಷರ ಧೋತರಕ್ಕೆ ಸೊಂಟದವರೆಗೆ ರಾಚಿತು. ಅವರು ಹಿಂದಕ್ಕೆ ಸರಿಯಲಿಲ್ಲ.

"ಬಂತು! ಬಂತs ಯವ್ವಾ, ಬಂತು!"

ಆ ಕೂಗು ಬಯಲಿನ ಮೈಕಿನವರೆಗೂ ಹೋಗಿರಬೇಕು, ಪ್ರಾಧ್ಯಾಪಕರ ಭಾಷಣ ಅರ್ಧಕ್ಕೆ ನಿಂತಿತು.

ನಾನು ಅವರನ್ನು ಕ್ಷಮಿಸಲಿಲ್ಲ. ಮಳೆಗಾಲವಿಡೀ ಅಕ್ಕಾರ ಪಡಸಾಲೆಯ ಹಿಂಭಾಗಕ್ಕೆ ತಾಡಪತ್ರಿ ಕಟ್ಟಬೇಕಾಯಿತು, ಹೊಲಿಗೆ ಕ್ಲಾಸು ಇನ್ನೂ ಕೊಟ್ಟಿಗೆಯಲ್ಲೇ ಇದೆ, ಗೋಡೆ ಈಗಷ್ಟೇ ಬುಡದಿಂದ ಏಳುತ್ತಿದೆ. ಯೂನಿಫಾರ್ಮಿನ ಕೆಲಸ ಮಾತ್ರ ನಿಂತಿಲ್ಲ.

ಉತ್ಸವ ಮುಗಿದ ಸಂಜೆಯೇ ಅಧ್ಯಕ್ಷರು ಮೆತ್ತಗೆ ಕೇಳಿದರು, "ಮೂರ್ತಿ ಎಲ್ಲಿ ಇಡೂಣ್ರಿ ಮೇಡಂ?"

"ನಿಮ್ಮ ಅಜ್ಜಾರು, ನಿಮ್ಮ ಮನ್ಯಾಗ ಇಡ್ರಿ. ಗೌಂಡಿ ಅಜ್ಜಾರಿಗೆ ಏನರ ಮಾಡಬೇಕಂದ್ರ ನಾಳೆ ಹುಕ್ಕೇರಿಗೆ ನಡೀರಿ. ಊಟದ ಟೇಬಲ್ ಕೆಳಗ ಇನ್ನೊಂದು ಮೋರಿ ಐತಿ."

ಮರುದಿನ ಬಂದರು. ಕಾರಿನಲ್ಲಿ ತುಂಬಿದ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಹಿಡಿದು ಕೂತಿದ್ದರು. ಮಂಗಲ ಕಾರ್ಯಾಲಯದ ಮ್ಯಾನೇಜರು ಬಾಗಿಲಲ್ಲೇ ತಡೆದರು. ಒಳಗೆ ಯಾರದೋ ನಿಶ್ಚಿತಾರ್ಥ. "ಟೇಬಲ್ ಸರಸಾಕ ಬರೂದಿಲ್ರಿ. ಬುಕಿಂಗ್ ಅದಾವು. ಅಲ್ಲಾ, ಇಷ್ಟ ಛಲೋ ಟೈಲ್ಸ್ ಹಾಕೇವಿ, ಒಂದ್ ತೂತಿನ ಸಲುವಾಗಿ ಒಡೀಬೇಕೇನ್ರಿ? ಗೌಂಡಿ ಅಜ್ಜಾರ ಮ್ಯಾಲೆ ನಮಗೂ ಅಭಿಮಾನ ಐತಿ."

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಶುರು ಮಾಡಿದರು. ಗರಸು, ಎರೆಮಣ್ಣು, ಗೋಡೆಯ ಉಸಿರು, ಒಡೆದ ಗಾಜು, ನಾನು ಅವರಿಗೆ ದಿನಾ ಹೇಳುತ್ತಿದ್ದ ಒಂದೊಂದು ಮಾತೂ, ನನಗಿಂತ ಎರಡು ಪಟ್ಟು ದೊಡ್ಡ ದನಿಯಲ್ಲಿ ಹೊರಬಂತು. ನಿಶ್ಚಿತಾರ್ಥದವರು ಊಟ ಬಿಟ್ಟು ನೋಡಿದರು. ಮ್ಯಾನೇಜರು ಹೂಂ ಹೂಂ ಅಂದು ಬಾಗಿಲು ಎಳೆದುಕೊಂಡರು.

ಕಾರು ಹತ್ತಿದ ಮೇಲೂ ಅಧ್ಯಕ್ಷರ ಸಿಟ್ಟು ಇಳಿದಿರಲಿಲ್ಲ. "ಹೂಂ ಅಂತಾನ್ರಿ! ತಲ್ಯಾಗ ಏನೂ ಹೋಗವಲ್ದು, ಹೂಂ ಅಂತಾನ! ಹೆಂಗ ತಡಕೋಬೇಕ್ರಿ ಇಂಥವ್ರನ?"

ನಾನು ಅವರ ಮುಖ ನೋಡಿದೆ. ಕೊಡದ ನೀರನ್ನು ದಾರಿಯ ಬದಿಗೆ ಸುರಿದುಬಿಡೋಣ ಎಂದು ಕೈಚಾಚಿದೆ. ಅವರು ಕೊಡವನ್ನು ಎದೆಗೆ ಒತ್ತಿಕೊಂಡರು.

"ಚೆಲ್ಲಬ್ಯಾಡ್ರಿ ಮೇಡಂ. ನಾಳೆ ಮತ್ತ ಬರೂಣು."